ಬೆಂಗಳೂರಿಗೆ ನೀರು ಬರುವ ಬಗೆ

ಬೆಳಗಿನ ಜಾವದಲ್ಲಿ ಮನೆಯಾಕೆಯು ಎದ್ದು, ಬಾಗಿಲಿಗೆ ನೀರು ಚಿಮುಕಿಸಿ, ರಂಗವಲ್ಲಿಯನ್ನಿಟ್ಟು, ಒಳಗೆ ಬಂದು ಕೊಳಾಯಿಯನ್ನು ತಿರುಗಿಸುವಳು. ನೀರು ಬಂದಿತೆಂದರೆ ಆ ದಿನದ ಸಂಸಾರವು ಸುಗಮವಾಗಿ ಸಾಗುವುದು. ಬಾರದಿದ್ದರೆ ಸ್ನಾನ, ಪೂಜೆ, ಅಡಿಗೆ, ಮಕ್ಕಳ ಪಾಠಶಾಲೆ ಎಲ್ಲವೂ ಏರುಪೇರಾಗುವುವು. ಹೀಗೆ ನಿತ್ಯವೂ ನಮ್ಮ ಮನಸ್ಸಿನ ನೆಮ್ಮದಿಗೆ ಕಾರಣವಾಗಿರುವ ಈ ನೀರು ಎಲ್ಲಿಂದ ಹೊರಟಿತು, ಎಷ್ಟು ದೂರ ನಡೆಯಿತು, ಎಷ್ಟು ಎತ್ತರವನ್ನು ಏರಿತು ಎಂದು ವಿಚಾರಿಸುವವರು ಮಾತ್ರ ವಿರಳ. ಕೊಳಾಯಿಯೇ ನೀರಿನ ತವರೆಂದು ನಮ್ಮ ಮಕ್ಕಳು ಭಾವಿಸಿರುವುದುಂಟು. ದೊಡ್ಡವರ ಭಾವನೆಯೂ ಅದಕ್ಕಿಂತ ಬಹಳ ಭಿನ್ನವಾಗಿರುವುದಿಲ್ಲ. ಆದುದರಿಂದ ಬೆಂಗಳೂರಿನ ನೀರಿನ ಕಥೆಯನ್ನು ವಾಚಕರ ಮುಂದೆ ಸಂಗ್ರಹವಾಗಿ ಇಡಲು ಯತ್ನಿಸುವೆವು.

ಲೋಕದ ಮಹಾನಗರಗಳಲ್ಲಿ ಹಲವು ನದೀತೀರಗಳಲ್ಲಿ ಬೆಳೆದುವು. ಕಾಶಿಗೆ ಗಂಗೆಯುಂಟು, ದೆಹಲಿಗೆ ಯಮುನೆಯುಂಟು, ಲಂಡನ್ನಿಗೆ ಥೇಮ್ಸ್ ನದಿಯುಂಟು. ಬೆಂಗಳೂರಿಗೆ ಅಂತಹ ನದಿಯಿಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿಗಳ ಎತ್ತರದಲ್ಲಿ, ಒಂದು ದಿಣ್ಣೆಯ ಬೆನ್ನಿನ ಮೇಲೆ ಈ ನಗರವು ಕುಳಿತಿರುವುದು. ಈ ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆಯು ಅರ್ಕಾವತಿಯ ಕಡೆಗೂ, ಪೂರ್ವಕ್ಕೆ ಬಿದ್ದುದು ದಕ್ಷಿಣ ಪಿನಾಕಿನಿಯ ಕಡೆಗೂ ಹರಿದುಹೋಗುವುದು. ಮನೆಯ ಸೂರಿನ ಮೇಲೆ ಬಿದ್ದ ನೀರು ಎರಡು ಪಕ್ಕಕ್ಕೂ ಜಾರುವಂತೆ, ಇಲ್ಲಿ ಬಿದ್ದ ನೀರು ಇಲ್ಲಿ ನಿಲ್ಲುವುದಿಲ್ಲ. ನಿಲ್ಲಬೇಕಾದರೆ ಮನುಷ್ಯನೇ ಅದನ್ನು ತಡೆದು ನಿಲ್ಲಿಸಬೇಕು.

ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. 1537ರಲ್ಲಿ ಕೆಂಪೇಗೌಡರು ಊರನ್ನು ಕಟ್ಟಿದ ಕಾಲದಿಂದಲೂ ಕೋಟೆಯಷ್ಟೇ ಶ್ರದ್ಧೆಯಿಂದ ಕೆರೆಗಳನ್ನೂ ಕಟ್ಟುತ್ತ ಬಂದರು. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ, ಹಲಸೂರು ಮುಂತಾದ ಕೆರೆಗಳ ಹೆಸರುಗಳನ್ನು ಕೇಳದವರಿಲ್ಲ. ತಗ್ಗಿನ ನೆಲಕ್ಕೆ ಅಡ್ಡಲಾಗಿ ಮಣ್ಣಿನ ಏರಿ, ನೀರನ್ನು ಬಿಡುವುದಕ್ಕೆ ತೂಬು, ಹೆಚ್ಚಾದ ನೀರು ಏರಿಯನ್ನು ಕೊಚ್ಚದಂತೆ ಹೊರಗೆ ಹರಿಯಲು ಕೋಡಿ, ಇವು ಮೂರೂ ಸೇರಿ ಒಂದು ಕೆರೆ. ಮೇಲಿನ ಕೆರೆಯ ಕೋಡಿಯ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ತುಂಬುವುದು. ಅದರ ಕೋಡಿ ಅದರ ಕೆಳಗಿನದನ್ನು. ಹೀಗೆ ಕೆರೆಗಳು ಒಂದನ್ನೊಂದು ಕೈಹಿಡಿದು ನಿಂತಿದ್ದುವು. ಇಂದು ಧರ್ಮಾಂಬುಧಿಯ ಅಂಗಳದಲ್ಲಿ ಬಸ್ಸುಗಳು ನಿಲ್ಲುವುವು. ಸಂಪಂಗಿಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿರುವುದು.

1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ನಡುಗಿಸಿದ ಮಹಾಕ್ಷಾಮವು ಮಳೆಯನ್ನು ನಂಬಿದ ಸಣ್ಣ ಕೆರೆಗಳ ದೌರ್ಬಲ್ಯವನ್ನು ಎತ್ತಿ ತೋರಿಸಿತು. 1882ರಲ್ಲಿ ಕರ್ನಲ್ ಸ್ಯಾಂಕಿಯವರ ಹೆಸರಿನ ಕೆರೆಯು ಸಿದ್ಧವಾಯಿತು. ಅದೂ ಸಾಲದೆ ಬರಲು, ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಆಡಳಿತಕಾಲದಲ್ಲಿ, ನಗರದ ವಾಯವ್ಯಕ್ಕೆ ಹತ್ತು ಹನ್ನೆರಡು ಮೈಲಿಗಳ ದೂರದಲ್ಲಿ ಅರ್ಕಾವತಿಯ ಹೆಸರಘಟ್ಟದ ಕೆರೆಯಿಂದ ನೀರನ್ನು ತರುವ ಏರ್ಪಾಡು ಆರಂಭವಾಯಿತು. 1894ರಿಂದ 1896ರ ನಡುವೆ ರೂಪುಗೊಂಡ ಈ ಕಾರ್ಯಕ್ಕೆ ಮಹಾರಾಜ ಚಾಮರಾಜೇಂದ್ರ ಒಡೆಯರವರ ಹೆಸರನ್ನಿಟ್ಟರು. ಇಟ್ಟಿಗೆಯ ಮುಚ್ಚುಗಾಲುವೆಯಲ್ಲಿ ನೀರು ತನ್ನ ಭಾರದಿಂದಲೇ ಸೋಲದೇವನಹಳ್ಳಿಯವರೆಗೆ ಹರಿದು ಬರುತ್ತಿದ್ದಿತು. ಅಲ್ಲಿ ಉಗಿಯಂತ್ರಗಳು ಅದನ್ನು ಎತ್ತಿ ನಗರದ ಕಡೆಗೆ ತಳ್ಳುತ್ತಿದ್ದುವು. ಬಾವಿಕಟ್ಟೆಯಲ್ಲಿ ಹಗ್ಗ ಹಿಡಿದು ನಿಲ್ಲುತ್ತಿದ್ದ ಗೃಹಸ್ಥರಿಗೆ ಕೊಳವೆಯ ನೀರಿನ ಪರಿಚಯವಾದುದು ಹೀಗೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ಜಲಾಶಯವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಎತ್ತರವಾದ ಕಲ್ಲಿನ ಗೋಡೆ, ಅದರ ಹಿಂದೆ ಸಮುದ್ರದಂತೆ ಹರಡಿದ ನೀರು. ಆದರೆ ಗೋಡೆಯು ಒಂದು ತೊಟ್ಟು ನೀರನ್ನೂ ಹುಟ್ಟಿಸಲಾರದು. ಮಳೆಗಾಲದ ನಾಲ್ಕು ತಿಂಗಳಲ್ಲಿ ಬಂದುದನ್ನು ವರ್ಷವೆಲ್ಲ ಹಂಚಿ ಉಣ್ಣಲು ಕೂಡಿಡುವ ಕಣಜ ಅದು. ಕಣಜ ಎಷ್ಟು ದೊಡ್ಡದಾದರೂ ಹೊಲ ಬೆಳೆಯದಿದ್ದರೆ ಕಾಳಿಲ್ಲ. ಜಲಾಶಯದ ಹೊಲವೆಂದರೆ ಅದರ ಕಡೆಗೆ ಇಳಿಜಾರಾಗಿರುವ ಬೆಟ್ಟ, ಬಯಲು, ಹಳ್ಳ, ತೊರೆ, ತೋಪುಗಳ ಸಮಸ್ತ ಭೂಮಿ, ಇದನ್ನೇ ಜಲಾನಯನವೆನ್ನುವರು. ಕಟ್ಟೆಯನ್ನು ಕಟ್ಟುವುದು ಕೆಲವು ವರ್ಷಗಳ ಕೆಲಸ. ಜಲಾನಯನವನ್ನು ಕಾಪಾಡುವುದು ಎಂದಿಗೂ ಮುಗಿಯದ ಕೆಲಸ. ಬೆಂಗಳೂರು ಮೊದಲನೆಯದನ್ನು ಮೆಚ್ಚುವಂತೆ ಮಾಡಿತು. ಎರಡನೆಯದರಲ್ಲಿ ಏನಾಯಿತೆಂಬುದನ್ನು ಮುಂದೆ ನೋಡೋಣ.

ಹೆಸರಘಟ್ಟದ ನೀರು ಒಂದು ತಲೆಮಾರಿನೊಳಗೆ ಸಾಲದಾಯಿತು. 1920ರ ದಶಕದ ಮಳೆಯಿಲ್ಲದ ವರ್ಷಗಳಲ್ಲಿ ಕೆರೆಯು ತಳ ಕಂಡಿತು. ಆಗ ಸರ್ ಎಂ. ವಿಶ್ವೇಶ್ವರಯ್ಯನವರ ಸಲಹೆಯಂತೆ, ಅದೇ ಅರ್ಕಾವತಿಗೆ ಕುಮುದ್ವತಿಯು ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ ಹೊಸ ಅಣೆಕಟ್ಟನ್ನು ಕಟ್ಟಲಾಯಿತು. ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, 1933ರಲ್ಲಿ, ಈ ಚಾಮರಾಜಸಾಗರದ ನೀರು ನಗರಕ್ಕೆ ಬಂದಿತು. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ, ಶಿವಗಂಗೆಯ ಬೆಟ್ಟದಲ್ಲಿ ಹುಟ್ಟಿದ ಕುಮುದ್ವತಿ, ಇವೆರಡರ ನೀರನ್ನೂ ಸೇರಿಸಿ ಕುಡಿಯುವ ಭಾಗ್ಯವು ಬೆಂಗಳೂರಿಗರದಾಯಿತು. ಹಲವು ದಶಕಗಳ ಕಾಲ ನಗರದ ಬಾಯಾರಿಕೆಯನ್ನು ನೀಗಿದುದು ಈ ಸಾಗರವೇ.

ಈಗ ಆ ಎರಡು ಜಲಾಶಯಗಳ ಗತಿಯನ್ನು ನೋಡಿರಿ. ಅಣೆಕಟ್ಟುಗಳು ಬಿರುಕು ಬಿಡಲಿಲ್ಲ, ಏರಿಗಳು ಒಡೆಯಲಿಲ್ಲ. ಗೋಡೆ ನಿಂತಿದೆ, ನೀರು ಬರುವುದು ಮಾತ್ರ ಕ್ಷೀಣಿಸಿತು. ಕಾರಣವು ಒಂದೇ ಅಲ್ಲ. ಮೇಲಣ ಬಯಲಿನಲ್ಲಿ ಸಾವಿರಾರು ಕೊಳವೆಬಾವಿಗಳು ನೆಲದಡಿಯ ನೀರನ್ನು ಹೀರಿದುವು. ನೆಲದಡಿಯ ಊಟೆ ಬತ್ತಿದ ಮೇಲೆ ಹಳ್ಳಗಳು ಬೇಗನೆ ಒಣಗಿದುವು. ರಾಗಿಯ ಹೊಲಗಳಿದ್ದ ಕಡೆ ನೀಲಗಿರಿಯ ತೋಪುಗಳೆದ್ದುವು. ಕೆರೆಯಿಂದ ಕೆರೆಗೆ ನೀರು ಒಯ್ಯುತ್ತಿದ್ದ ಕಾಲುವೆಗಳ ಮೇಲೆ ರಸ್ತೆಗಳೂ ಬಡಾವಣೆಗಳೂ ಬಂದುವು. ಬಂದಷ್ಟು ನೀರಿನಲ್ಲಿಯೂ ಊರುಗಳ ಹೊಲಸು, ಕಾರ್ಖಾನೆಗಳ ಕೊಳೆ ಬೆರೆಯಿತು. 2003ರಲ್ಲಿ ಸರ್ಕಾರವು ತಿಪ್ಪಗೊಂಡನಹಳ್ಳಿಯ ಜಲಾನಯನವನ್ನು ಕಾಪಾಡಲು ಆಜ್ಞೆಯನ್ನು ಹೊರಡಿಸಿತಾದರೂ, ಅಷ್ಟು ಹೊತ್ತಿಗೆ ಆಗಬಾರದುದು ಬಹುಮಟ್ಟಿಗೆ ಆಗಿಹೋಗಿದ್ದಿತು. ಅನಂತರದ ದಶಕದಲ್ಲಿ ಅಲ್ಲಿಂದ ಕುಡಿಯುವ ನೀರಿನ ಸರಬರಾಜು ನಿಂತೇಹೋಯಿತು. ಮನೆಯ ಹಿತ್ತಿಲ ಬಾವಿಯನ್ನು ಕಸ ತುಂಬಿ ಕೆಡಿಸಿ, ಆಚೆಯ ಊರಿಗೆ ಕೊಡ ಹೊತ್ತು ಹೊರಟವನ ಬುದ್ಧಿಗೂ ಇದಕ್ಕೂ ಏನು ಭೇದ?

ಹೀಗಾಗಬೇಕೆಂಬ ನಿಯಮವೇನೂ ಇರಲಿಲ್ಲ. ಅಮೆರಿಕದ ನ್ಯೂಯಾರ್ಕ್ ನಗರವೂ ನೂರು ಮೈಲಿಗೆ ಮಿಕ್ಕಿದ ದೂರದ ಬೆಟ್ಟಗಳ ಜಲಾಶಯಗಳಿಂದಲೇ ನೀರನ್ನು ತರಿಸುವುದು. ಅಲ್ಲಿ ನೀರು ಬಹುತೇಕ ತನ್ನಷ್ಟಕ್ಕೆ ತಾನೇ ಇಳಿದು ಬರುವುದು. 1990ರ ದಶಕದಲ್ಲಿ ಆ ನೀರನ್ನು ಸೋಸಲು ಅಪಾರ ವೆಚ್ಚದ ಯಂತ್ರಾಗಾರವನ್ನು ಕಟ್ಟಬೇಕೆ ಎಂಬ ಪ್ರಶ್ನೆ ಎದ್ದಿತು. ಆ ನಗರದವರು 1997ರಲ್ಲಿ ಬೆಟ್ಟದೂರುಗಳ ಜನರೊಡನೆ ಒಪ್ಪಂದವನ್ನು ಮಾಡಿಕೊಂಡರು. ಕಾಡನ್ನು ಉಳಿಸಲೂ, ದನದ ಕೊಟ್ಟಿಗೆಯ ಹೊಲಸು ತೊರೆಗೆ ಸೇರದಂತೆ ನೋಡಿಕೊಳ್ಳಲೂ, ಹಳ್ಳಿಗಳ ಚರಂಡಿಗಳನ್ನು ಸರಿಪಡಿಸಲೂ ನಗರವೇ ಹಣ ಕೊಟ್ಟಿತು. ಆ ಬೆಟ್ಟಗಳ ನೀರು ಇಂದಿಗೂ ಸೋಸುವ ಯಂತ್ರಾಗಾರವಿಲ್ಲದೆಯೇ, ಕ್ರಿಮಿನಾಶ ಮಾಡಿದ ಮಾತ್ರಕ್ಕೆ ಕುಡಿಯಲು ಯೋಗ್ಯವಾಗಿರುವುದು. ಕಣಜದ ಜೊತೆಗೆ ಹೊಲವನ್ನೂ ಕಾದವರ ದೃಷ್ಟಾಂತವಿದು.

ಬೆಂಗಳೂರಾದರೋ ಇನ್ನೂ ದೂರಕ್ಕೆ ಕೈಚಾಚಿತು. 1901ರಲ್ಲಿ ಪೇಟೆ ದಂಡುಗಳೆರಡೂ ಸೇರಿ ಇದ್ದ ಜನ ಸುಮಾರು ಒಂದು ಲಕ್ಷದ ಅರುವತ್ತು ಸಾವಿರ. 2011ರ ಗಣತಿಯ ವೇಳೆಗೆ ಸುಮಾರು 85 ಲಕ್ಷ. ಈ ಸಂಖ್ಯೆಗೆ ಸಾಕಾಗುವಷ್ಟು ನೀರುಳ್ಳ ನದಿ ಸಮೀಪದಲ್ಲಿ ಕಾವೇರಿಯೊಂದೇ. 1964ರಲ್ಲಿ ನೀರು ಸರಬರಾಜು ಮತ್ತು ಒಳಚರಂಡಿ ಮಂಡಲಿಯು ಸ್ಥಾಪಿತವಾಯಿತು. 1974ರಲ್ಲಿ ಕಾವೇರಿಯ ಮೊದಲನೆಯ ಹಂತದ ನೀರು, ದಿನಕ್ಕೆ 13.5 ಕೋಟಿ ಲೀಟರು, ನಗರವನ್ನು ಸೇರಿತು. 1982ರಲ್ಲಿ ಎರಡನೆಯ ಹಂತ, 1993ರಲ್ಲಿ ಮೂರನೆಯದು, 2002ರಲ್ಲಿಯೂ 2012ರಲ್ಲಿಯೂ ನಾಲ್ಕನೆಯದರ ಎರಡು ಭಾಗಗಳು ಪೂರ್ಣವಾದುವು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವು ಉದ್ಘಾಟಿತವಾಯಿತು. ನಗರಕ್ಕೆ ಹೊಸದಾಗಿ ಸೇರಿದ್ದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರು ತರುವ ಯೋಜನೆ ಇದು. ಹಿಂದಿನ ಹಂತಗಳ 145 ಕೋಟಿಯೊಡನೆ ಇದನ್ನು ಕೂಡಿಸಿದರೆ ದಿನಕ್ಕೆ 220 ಕೋಟಿ ಲೀಟರುಗಳಿಗೂ ಮಿಕ್ಕುವುದು.

ಈ ನೀರಿನ ಪ್ರಯಾಣವನ್ನು ಹಿಂಬಾಲಿಸೋಣ. ಕೊಡಗಿನ ಬೆಟ್ಟಗಳ ಮುಂಗಾರುಮಳೆಯು ಹರಿದು ಬಂದು ಕನ್ನಂಬಾಡಿಯಲ್ಲಿ ನಿಲ್ಲುವುದು. 1911ರಲ್ಲಿ ಆರಂಭವಾಗಿ, ಎರಡು ದಶಕಗಳ ಕಾಲ ನಡೆದ ಕೆಲಸದ ಫಲವಾದ ಕೃಷ್ಣರಾಜಸಾಗರವು ಸುಮಾರು 49 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲುದು. ಈ ಟಿ.ಎಂ.ಸಿ. ಎಂಬುದನ್ನು ವೃತ್ತಪತ್ರಿಕೆಗಳಲ್ಲಿ ನಿತ್ಯವೂ ಓದುವೆವು. ಅದು ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,831 ಕೋಟಿ ಲೀಟರು. ಕೇಳಲು ಅಗಾಧವಾದ ಈ ರಾಶಿಯು ಇಂದಿನ ಬೆಂಗಳೂರಿಗೆ ಹದಿಮೂರು ದಿನಗಳಿಗೆ ಸಾಲದು! ಸಾಗರದಿಂದ ಬಿಟ್ಟ ನೀರು ನಗರಕ್ಕೆ ನೇರವಾಗಿ ಕೊಳವೆಯಲ್ಲಿ ಬರುವುದೆಂದು ಹಲವರು ತಿಳಿದಿರುವರು. ಹಾಗಲ್ಲ. ಅದು ನದಿಯ ಪಾತ್ರದಲ್ಲಿಯೇ ಹರಿದು, ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡು, ಶಿವನಸಮುದ್ರದ ಬಳಿಗೆ ಬರುವುದು. 1905ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪವನ್ನು ಕೊಟ್ಟ ಸೀಮೆಯೇ ಮುಂದೆ ನೀರನ್ನೂ ಕೊಟ್ಟಿತು. ಅಲ್ಲಿ ಶಿವಾ ಅಣೆಕಟ್ಟು ನದಿಯನ್ನು ತಡೆದು, ನಗರದ ಪಾಲನ್ನು ಕಾಲುವೆಗೆ ತಿರುಗಿಸುವುದು. ಕಾಲುವೆಯ ನೀರು ನೆಟ್ಕಲ್ಲಿನ ಜಲಾಶಯದಲ್ಲಿ ತಂಗುವುದು. ನದಿಯ ಏರಿಳಿತಗಳು ಯಂತ್ರಗಳಿಗೆ ತಾಗದಂತೆ, ನಿತ್ಯವೂ ಒಂದೇ ಸಮನಾಗಿ ನೀರೊದಗಿಸುವುದಕ್ಕಾಗಿ ಏರ್ಪಟ್ಟ ಮಧ್ಯದ ತೊಟ್ಟಿ ಇದು. ಅಲ್ಲಿಂದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ.

ತೊರೆಕಾಡನಹಳ್ಳಿಯಲ್ಲಿ ನೀರಿಗೆ ಸಂಸ್ಕಾರ. ನಮ್ಮ ಅಜ್ಜಿಯರು ಕೆಂಪು ನೀರಿಗೆ ಚಿಲ್ಲದ ಬೀಜವನ್ನು ತೇಯ್ದು ಹಾಕಿ, ಕೆಸರು ತಳಕ್ಕಿಳಿದ ಮೇಲೆ ತಿಳಿಯನ್ನು ಬಗ್ಗಿಸುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು. ಇಲ್ಲಿ ನಡೆಯುವುದೂ ಅದೇ. ಪ್ರಮಾಣ ಮಾತ್ರ ಬೇರೆ. ನೀರಿಗೆ ಪಟಿಕವನ್ನು ಬೆರೆಸುವರು. ತೇಲುತ್ತಿದ್ದ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ಹಿಂಜಿದ ಹತ್ತಿಯ ಎಳೆಗಳಂತಾಗಿ ತಳಕ್ಕೆ ಕೂರುವುವು. ಮೇಲಿನ ತಿಳಿನೀರು ಮರಳಿನ ಹಾಸುಗಳ ಮೂಲಕ ಸೋಸಿ ಬರುವುದು. ಕಡೆಗೆ ಕ್ಲೋರಿನ್ ಅನಿಲವು ಕಣ್ಣಿಗೆ ಕಾಣದ ರೋಗಕ್ರಿಮಿಗಳನ್ನು ಕೊಲ್ಲುವುದು. ಕೊಳಾಯಿಯ ನೀರಿನಲ್ಲಿ ಒಮ್ಮೊಮ್ಮೆ ಬರುವ ಆ ಘಾಟು ವಾಸನೆಗೆ ಮೂಗು ಮುರಿಯುವವರು, ಕಾಲರಾ ರೋಗಕ್ಕೆ ಮನೆಮನೆಯೇ ಬರಿದಾಗುತ್ತಿದ್ದ ಕಾಲವನ್ನು ಒಮ್ಮೆ ನೆನೆಯಬೇಕು.

ಇನ್ನು ಏರುವ ಕೆಲಸ. ನದಿಯ ಆ ಭಾಗಕ್ಕಿಂತ ಬೆಂಗಳೂರು ಸುಮಾರು ಸಾವಿರ ಅಡಿಗಳಷ್ಟು ಎತ್ತರದಲ್ಲಿಯೂ, ಸುಮಾರು 100 ಕಿಲೋಮೀಟರು ದೂರದಲ್ಲಿಯೂ ಇರುವುದು. ನ್ಯೂಯಾರ್ಕಿಗೆ ಇಳಿದು ಬರುವ ನೀರು ನಮಗೆ ಏರಿ ಬರಬೇಕು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಮೆಟ್ಟಿಲುಗಳಲ್ಲಿ ಪಂಪುಗಳು ನೀರನ್ನು ಎತ್ತಿ ಎತ್ತಿ ತಳ್ಳುವುವು. ಉಕ್ಕಿನ ಕೊಳವೆಯ ಒಳಮೈಗೆ ಉಜ್ಜುವಾಗ ನಷ್ಟವಾಗುವ ಬಲವನ್ನೂ ಸೇರಿಸಿದರೆ, ಈ ಯಂತ್ರಗಳು ಪಡುವ ಶ್ರಮವು ನೀರನ್ನು ಸುಮಾರು 500 ಮೀಟರು ನೆಟ್ಟಗೆ ಎತ್ತುವುದಕ್ಕೆ ಸಮ. ಸಾವಿರ ಲೀಟರು ನೀರನ್ನು ಅಷ್ಟೆತ್ತರಕ್ಕೆ ಏರಿಸಲು, ಯಂತ್ರದಲ್ಲಿ ಏನೂ ಪೋಲಾಗದಿದ್ದರೂ, 1.36 ಯೂನಿಟ್ಟು ವಿದ್ಯುತ್ತು ಬೇಕೆಂದು ಗಣಿತವು ಹೇಳುವುದು. ಪೋಲಾಗದ ಯಂತ್ರವು ಲೋಕದಲ್ಲಿಲ್ಲವಾದುದರಿಂದ ಖರ್ಚು ಇನ್ನೂ ಹೆಚ್ಚು. ಮಂಡಲಿಯ ವೆಚ್ಚದಲ್ಲಿ ಬಹು ದೊಡ್ಡ ಪಾಲು ವಿದ್ಯುತ್ತಿಗೇ ಹೋಗುವುದು. ನಮ್ಮ ಕೊಡದ ನೀರು ಬರಿಯ ನೀರಲ್ಲ, ಕರಗಿದ ಬೆಳಕು ಎಂದರೆ ತಪ್ಪಾಗದು.

ನಗರವನ್ನು ಮುಟ್ಟಿದ ನೀರು ಬಡಾವಣೆ ಬಡಾವಣೆಗಳ ನೆಲದೊಟ್ಟಿಗಳಲ್ಲಿಯೂ ಎತ್ತರದ ತೊಟ್ಟಿಗಳಲ್ಲಿಯೂ ತುಂಬಿ, ಅಲ್ಲಿಂದ ಸರದಿಯ ಮೇಲೆ ಬೀದಿಗಳಿಗೆ ಹೊರಡುವುದು. ಎಲ್ಲ ಬೀದಿಗಳಿಗೂ ಏಕಕಾಲದಲ್ಲಿ ಬಿಟ್ಟರೆ ತಗ್ಗಿನವರಿಗೆ ಧಾರಾಳವಾಗಿಯೂ ದಿಣ್ಣೆಯವರಿಗೆ ಹನಿಹನಿಯಾಗಿಯೂ ದೊರೆಯುವುದು. ಆದುದರಿಂದಲೇ ಅನೇಕ ಕಡೆಗಳಲ್ಲಿ ದಿನ ಬಿಟ್ಟು ದಿನ, ಗೊತ್ತಾದ ಹೊತ್ತಿನಲ್ಲಿ ನೀರು ಬಿಡುವುದು. ಆದರೆ ಹೊರಟುದೆಲ್ಲವೂ ಮನೆ ಸೇರುವುದಿಲ್ಲ. ಹಳೆಯ ಕೊಳವೆಗಳ ಬಿರುಕಿನಿಂದ ಸೋರಿಯೂ, ಲೆಕ್ಕಕ್ಕೆ ಸಿಕ್ಕದೆಯೂ ಕಾಲುಭಾಗಕ್ಕೆ ಮಿಕ್ಕಿದ ನೀರು ನಡುವೆಯೇ ಮಾಯವಾಗುತ್ತ ಬಂದಿರುವುದು. ನೂರು ಕಿಲೋಮೀಟರು ನಡೆದು, ಬೆಟ್ಟವೇರಿ ಬಂದ ಅತಿಥಿಯು ಹೊಸ್ತಿಲ ಬಳಿ ಎಡವಿ ಬಿದ್ದಂತೆ ಇದು!

ಈ ನೀರು ನಮ್ಮೊಬ್ಬರದೇ ಅಲ್ಲವೆಂಬುದನ್ನೂ ಮರೆಯಲಾಗದು. ಕೃಷ್ಣರಾಜಸಾಗರಕ್ಕಾಗಿ ಕನ್ನಂಬಾಡಿಯೆಂಬ ಊರೇ ಮುಳುಗಿತು. ಅಲ್ಲಿನ ಜನರು ಮನೆಮಠಗಳನ್ನು ಬಿಟ್ಟು ಬೇರೆಡೆಗೆ ಹೋಗಬೇಕಾಯಿತು. ಮಂಡ್ಯದ ರೈತನು ಅದೇ ಸಾಗರದ ಮಟ್ಟವನ್ನು ನೋಡಿಕೊಂಡು ಭತ್ತದ ಮಡಿಗೆ ಕೈಹಾಕುವನು; ಕೆಳಗಣ ತಮಿಳುನಾಡಿನ ರೈತನೂ ಅದನ್ನೇ ಎದುರುನೋಡುವನು. ಕಾವೇರಿಯ ವಿವಾದವನ್ನು ವಿಚಾರಿಸಿದ ನ್ಯಾಯಮಂಡಲಿಯು 2007ರ ತೀರ್ಪಿನಲ್ಲಿ, ಬೆಂಗಳೂರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿಯ ಜಲಾನಯನದಲ್ಲಿರುವುದೆಂದು ಅಷ್ಟನ್ನೇ ಲೆಕ್ಕಕ್ಕೆ ಹಿಡಿದಿತ್ತು. ಮೊದಲು ಹೇಳಿದ ಆ ದಿಣ್ಣೆಯ ಬೆನ್ನು ಹೀಗೆ ನ್ಯಾಯಾಲಯದವರೆಗೂ ಹೋಯಿತು! 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಆ ಮಿತಿಯನ್ನು ಒಪ್ಪದೆ, ಕರ್ನಾಟಕಕ್ಕೆ ಹೆಚ್ಚಾಗಿ ಕೊಟ್ಟ 14.75 ಟಿ.ಎಂ.ಸಿ.ಯಲ್ಲಿ 4.75ನ್ನು ಬೆಂಗಳೂರಿನ ಕುಡಿಯುವ ನೀರಿಗೆಂದು ಕೊಟ್ಟಿತು. ಕುಡಿಯುವ ನೀರಿನ ಹಕ್ಕು ದೊಡ್ಡದು. ಆ ಹೆಸರಿನಲ್ಲಿ ಪಡೆದುದನ್ನು ಚರಂಡಿಗೆ ಚೆಲ್ಲುವ ಹಕ್ಕು ಮಾತ್ರ ಯಾವ ತೀರ್ಪಿನಲ್ಲಿಯೂ ಇಲ್ಲ.

2023ರ ಮಳೆ ಕೈಕೊಟ್ಟುದರ ಫಲವನ್ನು 2024ರ ಬೇಸಗೆಯಲ್ಲಿ ನಗರವು ಉಂಡಿತು. ಕೊಳವೆಬಾವಿಗಳು ಬತ್ತಿದುವು, ಕಾವೇರಿಯ ಕೊಳವೆ ತಲಪದ ಹೊರಬಡಾವಣೆಗಳಲ್ಲಿ ಟ್ಯಾಂಕರುಗಳಿಗಾಗಿ ಜನರು ಕಾದು ನಿಂತರು. ಕುಡಿಯುವ ನೀರಿನಿಂದ ವಾಹನ ತೊಳೆದರೆ, ತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡವೆಂದು ಆ ಮಾರ್ಚಿಯಲ್ಲಿ ಮಂಡಲಿಯು ಆಜ್ಞೆ ಮಾಡಬೇಕಾಯಿತು. ಐದನೆಯ ಹಂತವು ಆ ಹೊರಬಡಾವಣೆಗಳಿಗೆ ಕೊಳವೆಯನ್ನು ತಂದಿತು, ನಿಜ. ಆದರೆ ಕೊಡಗಿನಲ್ಲಿ ಮಳೆಯಾಗದ ವರ್ಷ ಐದು ಹಂತಗಳೂ ಒಂದೇ ಬರಿಯ ಪಾತ್ರೆಯ ಐದು ಸೌಟುಗಳಾಗುವುವು. ಹೆಸರಘಟ್ಟವೂ ತಿಪ್ಪಗೊಂಡನಹಳ್ಳಿಯೂ ಜೀವಂತವಾಗಿದ್ದಿದ್ದರೆ ನಗರಕ್ಕೆ ಎರಡನೆಯ ಪಾತ್ರೆಯೊಂದಿರುತ್ತಿದ್ದಿತು.

ಬಳಸಿದ ನೀರಿನ ದಾರಿಯನ್ನೂ ನೋಡಬೇಕು. ಪೂರ್ವಭಾಗದ ಕೊಳೆನೀರಿನಲ್ಲಿ ಒಂದಂಶವನ್ನು ಶುದ್ಧಿಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವರು. ಪಶ್ಚಿಮಭಾಗದ ಕೊಳೆಯನ್ನು ಹೊತ್ತ ವೃಷಭಾವತಿಯು ಅರ್ಕಾವತಿಯನ್ನು ಸೇರುವುದು. ಅರ್ಕಾವತಿಯು ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಸೇರುವುದು. ಎತ್ತಿ ತಂದ ನದಿಯನ್ನು ಮೈಲಿಗೆ ಮಾಡಿ ಆಕೆಗೇ ಹಿಂದಿರುಗಿಸುವ ಈ ವ್ಯವಹಾರವು, ಜಲಾಶಯ ತುಂಬಿದಾಗ ಬಾಗಿನವನ್ನರ್ಪಿಸುವ ನಾಡಿಗೆ ಶೋಭಿಸುವಂಥದಲ್ಲ.

ಗೃಹಸ್ಥರು ಮಾಡಬಹುದಾದುದೇನು? ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರು ಮಳೆಯಾಗುವುದು. ಮೂವತ್ತು ನಾಲ್ವತ್ತಡಿಯ ಒಂದು ತಾರಸಿಯ ಮೇಲೆ ಬೀಳುವುದೇ ಒಂದು ಲಕ್ಷ ಲೀಟರಿಗೆ ಮಿಕ್ಕುವುದು. ಐದರಲ್ಲೊಂದು ಪಾಲು ಪೋಲಾದರೂ ಉಳಿದುದು ಸುಮಾರು 86,000 ಲೀಟರು. ಆಳಿಗೆ ದಿನಕ್ಕೆ 135 ಲೀಟರಿನಂತೆ ನಾಲ್ವರ ಸಂಸಾರಕ್ಕೆ ಇದು ಐದು ತಿಂಗಳಿಗೆ ಬರುವ ಲೆಕ್ಕ. ಎಲ್ಲವನ್ನೂ ತೊಟ್ಟಿಯಲ್ಲಿ ಹಿಡಿದಿಡಲು ಸ್ಥಳವಿರುವುದಿಲ್ಲವೆಂಬುದು ನಿಜ. ಹಿಡಿದಷ್ಟನ್ನು ಹಿಡಿದು ಮಿಕ್ಕುದನ್ನು ನೆಲಕ್ಕಿಂಗಿಸಿದರೂ ಸಾಕು. 2009ರಿಂದ ಇದಕ್ಕೆ ಕಾಯಿದೆಯೂ ಇರುವುದು. ಕಾಯಿದೆಯ ಭಯಕ್ಕೆ ನೆಟ್ಟ ಕೊಳವೆ ಒಂದು ಬಗೆ. ಪ್ರತಿ ಮಳೆಗಾಲಕ್ಕೆ ಮುಂಚೆ ತಾರಸಿಯನ್ನು ಗುಡಿಸಿ, ಸೋಸುವ ಜಲ್ಲಿಯನ್ನು ತೊಳೆದು ಕಾಪಾಡುವ ಕೊಳವೆ ಇನ್ನೊಂದು ಬಗೆ. ಸೋರುವ ಕೊಳಾಯಿಗೆ ಒಂದು ರಬ್ಬರು ಬಿಲ್ಲೆಯನ್ನು ಹಾಕಿಸುವುದು, ಅಕ್ಕಿ ತೊಳೆದ ನೀರನ್ನು ತುಳಸಿಯ ಕಟ್ಟೆಗೆ ಹಾಕುವುದು, ಬಡಾವಣೆಯ ಕೆರೆಗೆ ಕಸ ಸುರಿಯುವವರನ್ನು ತಡೆದು ಮಾತನಾಡಿಸುವುದು, ಇವು ಯಾವುವೂ ಸರ್ಕಾರವನ್ನು ಕಾಯಬೇಕಾದ ಕೆಲಸಗಳಲ್ಲ.

ಹಲಸೂರಿನಿಂದ ಹೆಸರಘಟ್ಟಕ್ಕೆ, ಹೆಸರಘಟ್ಟದಿಂದ ತಿಪ್ಪಗೊಂಡನಹಳ್ಳಿಗೆ, ಅಲ್ಲಿಂದ ಕಾವೇರಿಗೆ ಈ ನಗರವು ನೀರನ್ನರಸಿ ಮುಂದೆ ಮುಂದೆ ನಡೆಯಿತು. ಪ್ರತಿಯೊಂದು ಹೆಜ್ಜೆಯೂ ಹಿಂದಿನದಕ್ಕಿಂತ ದೂರ, ಹಿಂದಿನದಕ್ಕಿಂತ ದುಬಾರಿ. ಕಾವೇರಿಯಿಂದ ಮುಂದೆ ಇಡಲು ಸಮೀಪದಲ್ಲಿ ಇನ್ನೊಂದು ಹೆಜ್ಜೆಯಿಲ್ಲ. ಇನ್ನು ನಡೆಯಬೇಕಾದುದು ಹಿಂದಕ್ಕೆ. ಕೈಬಿಟ್ಟ ಅರ್ಕಾವತಿಯ ಬಯಲಿಗೆ, ಮುಚ್ಚಿದ ಕಾಲುವೆಗೆ, ನಮ್ಮ ಮನೆಯ ಸೂರಿಗೆ. ನಾಳೆ ಬೆಳಗ್ಗೆ ಕೊಳಾಯಿಯನ್ನು ತಿರುಗಿಸುವಾಗ ಮನೆಯ ಮಕ್ಕಳನ್ನು ಹತ್ತಿರ ಕರೆದು ಈ ನೀರು ಬಂದ ದಾರಿಯನ್ನು ಅವರಿಗೆ ಹೇಳಿದರೆ, ಆ ಹಿಂದಿರುಗುವ ಪಯಣಕ್ಕೆ ಮೊದಲ ಹೆಜ್ಜೆಯನ್ನು ಇಟ್ಟಂತಾಗುವುದೆಂದು ನಾವು ನಂಬಿರುವೆವು.